ಎರಡನೇ ಪಂದ್ಯದ ಪೆನಾಲ್ಟಿ ಕಾರ್ನರ್

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವೆ ಹಾಕಿ ಸರಣಿ ನಡೆಯುವಾಗ ಗ್ಯಾಲರಿಯಲ್ಲಿ ನಮ್ಮ ಕಡೆಯ ಮುಖ ಕಂಡರೆ ಸಾಕು, ಪಕ್ಕದಲ್ಲಿ ಕೂತವರು ಮಾತು ಶುರು ಮಾಡುವುದು ಹೆಚ್ಚಾಗಿ ಒಂದೇ ಪ್ರಶ್ನೆಯಿಂದ: "ನಿಮ್ಮದೂ ಪಾಕಿಸ್ತಾನದ್ದೂ ಮುಂದಿನ ಸರಣಿ ಯಾವಾಗ?" ಕೇಳುವವರ ದನಿಯಲ್ಲಿ ಕೊಂಕು ಇರುವುದಿಲ್ಲ. ಪಕ್ಕದ ಮನೆಯವರು ಅಂದಮೇಲೆ ಆಗಾಗ ಆಡಿಯೇ ಆಡುತ್ತಾರೆ ಎಂಬುದು ಅವರ ಲೆಕ್ಕ. 2006ರಿಂದ ಈಚೆಗೆ ಅಂಥ ಸರಣಿ ಒಂದೂ ಆಗಿಲ್ಲ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ಸಿಡ್ನಿಗೂ ಆಕ್ಲೆಂಡಿಗೂ ನಡುವೆ 2,000 ಕಿಲೋಮೀಟರಿಗೂ ಮೀರಿದ ಸಮುದ್ರ. ಅಮೃತಸರಕ್ಕೂ ಲಾಹೋರಿಗೂ ನಡುವೆ ಹೆಚ್ಚೆಂದರೆ 50 ಕಿಲೋಮೀಟರ್. ಈ ಎರಡು ಅಂಕಿ ಪಕ್ಕಪಕ್ಕ ನಿಂತಾಗ ಎದೆಯಲ್ಲಿ ಚುರುಕ್ ಎನ್ನುತ್ತದೆ.

ಗಡಿ, ರಾಜಕೀಯ, ವೀಸಾ ಎಂದು ಊರಿನಲ್ಲಿ ಈ ಮಾತು ಎರಡೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ನನಗೆ ಬೇಕಾದದ್ದು ಅದಲ್ಲ, ಹಾಕಿಯ ಮಾತು. ಸರಣಿ ಇಲ್ಲದೆ ಹೋದದ್ದರಿಂದ ನಮ್ಮ ಆಟಕ್ಕೆ ಏನು ತಪ್ಪಿಹೋಯಿತು, ನೋಡುವ ನಮ್ಮ ಕಣ್ಣಿಗೆ ಏನು ತಪ್ಪಿಹೋಯಿತು ಎಂಬುದು ಇಲ್ಲಿ ಒಂದು ವಾರ ಗ್ಯಾಲರಿಯಲ್ಲಿ ಕೂತರೆ ತಾನಾಗಿ ತಿಳಿಯುತ್ತದೆ.

ಸರಣಿ ಎಂದರೆ ಅದೇ ಎರಡು ತಂಡ, ಅದೇ ಟರ್ಫ್, ನಾಲ್ಕೈದು ದಿನದೊಳಗೆ ಮೂರು ಪಂದ್ಯ, ಕೆಲವೊಮ್ಮೆ ನಾಲ್ಕು. ಮೊದಲ ಪಂದ್ಯ ಮುಗಿದ ರಾತ್ರಿಯೇ ಎರಡೂ ತಂಡದವರು ವಿಡಿಯೊ ಮುಂದೆ ಕೂರುತ್ತಾರೆ. ಎರಡನೇ ಪಂದ್ಯಕ್ಕೆ ಮೈದಾನಕ್ಕಿಳಿಯುವ ಹೊತ್ತಿಗೆ ಎದುರಾಳಿಯ ಗುಟ್ಟೆಲ್ಲ ಬಯಲಾಗಿರುತ್ತದೆ. ಮೊನ್ನೆ ಚೆಂಡನ್ನು ಬಲಬದಿಯ ಬ್ಯಾಕ್ ತಲೆಯ ಮೇಲಿಂದ ಎತ್ತಿ ಹಾಕಿ ಒತ್ತಡ ತಪ್ಪಿಸಿಕೊಂಡಿದ್ದರೆ, ಇವತ್ತು ಆ ಚೆಂಡು ಬೀಳುವ ಜಾಗದಿಂದ 5 ಮೀಟರ್ ಹಿಂದೆ ಒಬ್ಬ ಮೊದಲೇ ಕಾದು ನಿಂತಿರುತ್ತಾನೆ. ಎತ್ತಿದ ಚೆಂಡನ್ನು ಹಿಡಿಯುವವನಿಗೆ 5 ಮೀಟರ್ ಜಾಗ ಬಿಡಬೇಕೆಂಬುದು ನಿಯಮ. ಚೆಂಡು ಅವನ ಹತೋಟಿಗೆ ಬಂದು ನೆಲಕ್ಕಿಳಿದ ಕ್ಷಣವೇ ಇವನು ಮೇಲೆ ಬೀಳುತ್ತಾನೆ. ಮೊನ್ನೆ ನಡೆದದ್ದು ಇವತ್ತು ನಡೆಯುವುದಿಲ್ಲ. ಹೊಸದೊಂದನ್ನು ಹುಡುಕಲೇಬೇಕು.

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಪೆನಾಲ್ಟಿ ಕಾರ್ನರಿನಲ್ಲಿ. ಕಾಯುವ ತಂಡ ತನ್ನ ಗೋಲಿನ ಬಳಿ ತಪ್ಪೆಸಗಿದಾಗ ಎದುರಾಳಿಗೆ ಸಿಗುವ ಅವಕಾಶ ಅದು. ಊರಿನಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿತೆಂದರೆ ಗೋಲಾಯಿತೇ ಇಲ್ಲವೇ ಎಂದಷ್ಟೇ ಕೇಳುತ್ತೇವೆ. ಇಲ್ಲಿ ಸೀಟಿ ಊದಿದ ಕೂಡಲೇ ಶಾಲಾ ಮಕ್ಕಳು ಕೂಡ ಗೋಲಿನ ಗೆರೆಯ ಹಿಂದೆ ಎಷ್ಟು ಜನ ಯಾವ ಕಡೆ ನಿಂತಿದ್ದಾರೆ ಎಂದು ಎಣಿಸುತ್ತಾರೆ. ಗಡಿಯಾರ 40 ಸೆಕೆಂಡು ನಿಲ್ಲುತ್ತದೆ. ಆ 40 ಸೆಕೆಂಡಿನಲ್ಲಿ ಕಣ್ಣಿಗೆ ಬೀಳಬೇಕಾದದ್ದು ಬಹಳ ಇದೆ.

ಇಂಜೆಕ್ಟರ್ ಹತ್ತಿರದ ಗೋಲು ಕಂಬದಿಂದ 10 ಮೀಟರ್ ದೂರದಲ್ಲಿ, ಒಂದು ಕಾಲಾದರೂ ಗೆರೆಯಾಚೆ ಇಟ್ಟು ನಿಲ್ಲುತ್ತಾನೆ. ಅವನು ತಳ್ಳಿದ ಚೆಂಡು 'ಡಿ'ಯ ಗೆರೆ ದಾಟಿ ಹೊರಗೆ ಬರಬೇಕು. ಡಿ ಎಂದರೆ ಗೋಲಿನಿಂದ 14.63 ಮೀಟರಿನ ವೃತ್ತ. ಹೊರಗೆ ಸ್ಟಾಪರ್ ಸ್ಟಿಕ್ಕನ್ನು ನೆಲಕ್ಕೆ ಚಪ್ಪಟೆಯಾಗಿ ಒರಗಿಸಿ ಚೆಂಡನ್ನು ಸತ್ತಂತೆ ನಿಲ್ಲಿಸುತ್ತಾನೆ. ಡ್ರ್ಯಾಗ್ ಫ್ಲಿಕರ್ ಅದನ್ನು ಸ್ಟಿಕ್ಕಿನ ದಂಡೆಗೆ ಸಿಕ್ಕಿಸಿಕೊಂಡು ಒಳಗೆಳೆದು ಎಸೆಯುತ್ತಾನೆ. ಕಾಯುವ ಕಡೆ ಗೋಲಿಯೂ ಸೇರಿ ಐವರು ಮಾತ್ರ. ಉಳಿದವರೆಲ್ಲ ಮಧ್ಯಗೆರೆಯಾಚೆ. ಚೆಂಡು ಹೊರಡುವ ಮೊದಲೇ ಐವರಲ್ಲಿ ಒಬ್ಬ ಓಡಿದರೆ ಅವನನ್ನೂ ಮಧ್ಯಗೆರೆಗೆ ಕಳಿಸುತ್ತಾರೆ. ಅವನ ಬದಲಿಗೆ ಇನ್ನೊಬ್ಬ ಬರುವಂತಿಲ್ಲ, ನಾಲ್ವರೇ ಕಾಯಬೇಕು.

ಮುಖಕ್ಕೆ ಮಾಸ್ಕ್, ಮಂಡಿಗೆ ಪ್ಯಾಡ್ ಕಟ್ಟಿಕೊಂಡು ಮೊದಲು ಓಡುವವನು ರಶರ್. ಅವನ ಕೆಲಸವನ್ನು ಬರಿಯ ಧೈರ್ಯ ಎಂದು ತಿಳಿಯಬಾರದು, ಅದು ಶುದ್ಧ ಲೆಕ್ಕಾಚಾರ. ಅವನು ಓಡುವ ದಾರಿ ಗೋಲಿನ ಒಂದು ಭಾಗವನ್ನು ಮುಚ್ಚುತ್ತದೆ, ಉಳಿದ ಭಾಗ ಗೋಲಿಯದು. ಇಬ್ಬರ ನಡುವೆ ಒಂದೇ ಹೆಜ್ಜೆ ಲೆಕ್ಕ ತಪ್ಪಿದರೂ ನಡುವಿನ ಸಂದಿಯಲ್ಲಿ ಚೆಂಡು ನುಗ್ಗುತ್ತದೆ. ಇನ್ನೊಂದು ಸೂಕ್ಷ್ಮ ಊರಿನಲ್ಲಿ ಬಹಳ ಜನ ಗಮನಿಸುವುದಿಲ್ಲ. 5 ಮೀಟರಿನೊಳಗೆ ಬಂದ ರಶರಿಗೆ ಹೊಡೆತ ಮಂಡಿಯ ಕೆಳಗೆ ತಗುಲಿದರೆ ಮತ್ತೊಂದು ಪೆನಾಲ್ಟಿ ಕಾರ್ನರ್. ಸಹಜವಾಗಿ ನಿಂತ ಭಂಗಿಯಲ್ಲಿ ಮಂಡಿಗೋ ಅದರ ಮೇಲಕ್ಕೋ ತಗುಲಿದರೆ ಅದು ಅಪಾಯದ ಹೊಡೆತ, ಫ್ರೀ ಹಿಟ್ ಕಾಯುವವರಿಗೆ. ಹಾಗೆಯೇ ಮೊದಲ ಹೊಡೆತ ಹಿಟ್ ಆಗಿದ್ದರೆ ಚೆಂಡು ಗೋಲಿನ ಹಲಗೆಯ ಎತ್ತರ, ಅಂದರೆ 460 ಮಿಲಿಮೀಟರ್, ಮೀರಬಾರದು. ಫ್ಲಿಕ್ಕಿಗೆ ಆ ಕಟ್ಟಿಲ್ಲ. ಎಲ್ಲರೂ ಡ್ರ್ಯಾಗ್ ಫ್ಲಿಕ್ಕಿಗೆ ಮುಗಿಬಿದ್ದದ್ದು ಇದಕ್ಕೇ.

ಈಗ ಸರಣಿಗೆ ಬನ್ನಿ. ಮೊದಲ ಪಂದ್ಯದಲ್ಲಿ ಫ್ಲಿಕರ್ ಎರಡು ಸಲ ಗೋಲಿಯ ಎಡಗಡೆ ತಳಕ್ಕೆ ಹಾಕಿ ಗೋಲು ಗಳಿಸಿದ ಎನ್ನಿ. ಎರಡನೇ ಪಂದ್ಯದಲ್ಲಿ ರಶರ್ ಅದೇ ದಾರಿಗೆ ಅರ್ಧ ಹೆಜ್ಜೆ ಸರಿದು ಓಡುತ್ತಾನೆ. ಫ್ಲಿಕರಿನ ಮೊದಲ ಪ್ರಯತ್ನ ಅವನ ಪ್ಯಾಡಿಗೆ ಬಡಿಯುತ್ತದೆ. ಎರಡನೆಯ ಸಲ ಅವನು ಫ್ಲಿಕ್ ಮಾಡುವಂತೆ ಮೈ ಬಾಗಿಸಿ ಚೆಂಡನ್ನು ಪಕ್ಕದಲ್ಲಿ ನಿಂತ ಇನ್ನೊಂದು ಜೋಡಿಗೆ ಸರಿಸುತ್ತಾನೆ. ಆಗ ಕಾಯುವವರು ಒಬ್ಬ ರಶರಿನ ಬದಲು ಇಬ್ಬರನ್ನು ಓಡಿಸುತ್ತಾರೆ, ಗೋಲಿಯನ್ನು ಬಿಟ್ಟರೆ ಗೋಲಿನ ಬಳಿ ಉಳಿಯುವವರು ಇಬ್ಬರೇ. ಮೂರನೇ ಪಂದ್ಯದಲ್ಲಿ ಆ ಖಾಲಿ ಜಾಗಕ್ಕೆ ಇಂಜೆಕ್ಟರೇ ಗೆರೆಯುದ್ದಕ್ಕೂ ಓಡಿಬಂದು, ಫ್ಲಿಕರ್ ಗುರಿಯಿಟ್ಟು ಕಳಿಸಿದ ಚೆಂಡಿಗೆ ಸ್ಟಿಕ್ ತಾಗಿಸಿ ಒಳಗೆ ತಿರುಗಿಸುತ್ತಾನೆ. ಮೂರು ಪಂದ್ಯದಲ್ಲಿ ಒಂದು ಸಂಭಾಷಣೆಯೇ ನಡೆದಿರುತ್ತದೆ. ಮೂರನೆಯದನ್ನು ಮಾತ್ರ ನೋಡಿದವನಿಗೆ ಅದೃಷ್ಟದ ಗೋಲಿನಂತೆ ಕಾಣುವುದು, ಮೂರನ್ನೂ ನೋಡಿದವನಿಗೆ ಐದು ದಿನದ ಕೆಲಸವಾಗಿ ಕಾಣುತ್ತದೆ.

ಕೆಡುವುದು ಎಲ್ಲಿ ಎಂಬುದೂ ಸರಣಿಯಲ್ಲಿಯೇ ತಿಳಿಯುವುದು. ವಿಫಲವಾದ ಕಾರ್ನರುಗಳಿಗೆ ನಾವು ಫ್ಲಿಕರನ್ನು ಬೈಯುತ್ತೇವೆ. ತಪ್ಪು ಬಹಳ ಸಲ ಅವನಿಗಿಂತ ಮೊದಲೇ ಆಗಿರುತ್ತದೆ. ಇಂಜೆಕ್ಟರ್ ತಳ್ಳಿದ ಚೆಂಡು ದಾರಿಯಲ್ಲಿ ಒಂದು ಬೆರಳಿನಷ್ಟು ಪುಟಿದರೆ ಸ್ಟಾಪರಿನ ಸ್ಟಿಕ್ಕಿಗೆ ತಾಗಿ ಒಂದು ಗೇಣು ಉರುಳುತ್ತದೆ. ಫ್ಲಿಕರ್ ಅಷ್ಟರಲ್ಲಿ ಹೆಜ್ಜೆ ಎಣಿಸಿ ಓಡಿಬಂದಾಗಿದೆ. ಚೆಂಡು ಅಂದುಕೊಂಡ ಜಾಗದಲ್ಲಿ ಇಲ್ಲ, ಕಾಲು ಸರಿಪಡಿಸಿಕೊಳ್ಳಬೇಕು. ಕಣ್ಣು ಮಿಟುಕಿಸುವಷ್ಟು ಹೊತ್ತು ಹೋಯಿತು, ರಶರ್ ಮುಂದೆ ನಿಂತಿದ್ದಾನೆ. ಪುಟಿದದ್ದಕ್ಕೆ ಕಾರಣ ಎಷ್ಟೋ ಸಲ ನೀರು. ನೀರಿನ ಟರ್ಫಿಗೆ ಪಂದ್ಯದ ಮೊದಲು, ಮಧ್ಯಂತರದಲ್ಲಿ ನೀರು ಹಾಯಿಸುತ್ತಾರೆ. ಒಣಗಿದರೆ ಎಳೆಗಳು ಚೆಂಡನ್ನು ಹಿಡಿದು ಕುಪ್ಪಳಿಸುವಂತೆ ಮಾಡುತ್ತವೆ. ಹೆಚ್ಚಾದರೆ ಚೆಂಡು ನೀರು ಚಿಮ್ಮಿಸುತ್ತಾ ವೇಗ ಕಳೆದುಕೊಳ್ಳುತ್ತದೆ. ಚೆಂಡಿನ ಮೈಮೇಲೆ ಸಣ್ಣ ಸಣ್ಣ ಗುಳಿಗಳಿರುವುದು ನೀರಿನ ಮೇಲೆ ತೇಲದೆ ನೆಟ್ಟಗೆ ಹೋಗಲಿ ಎಂದು. ಗಾಳಿಯಿರುವ ಸಂಜೆ ಎರಡನೇ ಕ್ವಾರ್ಟರಿನ ಕೊನೆಗೆ ಟರ್ಫಿನ ಒಂದು ಬದಿ ಬಣ್ಣ ತಿಳಿಯಾಗುತ್ತದೆ. ಅದನ್ನು ಮೊದಲ ಪಂದ್ಯದಲ್ಲಿ ಗಮನಿಸಿದ ತಂಡ ಎರಡನೇ ಪಂದ್ಯದಲ್ಲಿ ಆ ಹೊತ್ತಿಗೆ ಸಿಕ್ಕ ಕಾರ್ನರನ್ನು ಒದ್ದೆಯಿರುವ ಬದಿಯಿಂದ ತಳ್ಳುತ್ತದೆ.

ನಮ್ಮಲ್ಲಿ ಭಾರತ–ಪಾಕಿಸ್ತಾನ ಎಂದರೆ ಒಂದೇ ಪಂದ್ಯ. ಏಷ್ಯನ್ ಚಾಂಪಿಯನ್ಸ್ ಟ್ರೋಫಿಯಲ್ಲಿ ಒಂದು, ಏಷ್ಯನ್ ಗೇಮ್ಸಿನಲ್ಲಿ ಒಂದು. 2023ರ ಆಗಸ್ಟಿನಲ್ಲಿ ಚೆನ್ನೈಯಲ್ಲಿ 4–0, ಸೆಪ್ಟೆಂಬರಿನಲ್ಲಿ ಹಾಂಗ್‌ಝೌನಲ್ಲಿ 10–2. ಎರಡೂ ಸಲ ಊರಿನ ವಾಟ್ಸಾಪ್ ಗುಂಪುಗಳು ಪಟಾಕಿಯ ಚಿತ್ರದಿಂದ ತುಂಬಿದವು. ಹಾಂಗ್‌ಝೌನಲ್ಲಿ ಹರ್ಮನ್‌ಪ್ರೀತ್ ಸಿಂಗ್ ನಾಲ್ಕು ಗೋಲು ಹೊಡೆದರು. ಆ ಗೋಲುಗಳಲ್ಲಿ ಪಾಕಿಸ್ತಾನದ ರಶರ್ ಯಾವ ದಾರಿ ಹಿಡಿದಿದ್ದ, ಅದು ಏಕೆ ಫಲಿಸಲಿಲ್ಲ ಎಂದು ಕೇಳಿದವರನ್ನು ನಾನು ಕಾಣೆ. ಒಂದೇ ಪಂದ್ಯವಾದಾಗ ಅದು ಆಟವಾಗಿ ಉಳಿಯುವುದಿಲ್ಲ, ತೀರ್ಪಾಗಿಬಿಡುತ್ತದೆ.

ಆ ತೀರ್ಪಿನ ಭಾರ ಎಂಥದ್ದು ಎಂಬುದಕ್ಕೆ 1982ರ ದೆಹಲಿ ಏಷ್ಯನ್ ಗೇಮ್ಸಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಫೈನಲಿನಲ್ಲಿ ಪಾಕಿಸ್ತಾನ 7–1ರಿಂದ ಗೆದ್ದಿತು. ಗೋಲು ಕಾದಿದ್ದ ಮೀರ್ ರಂಜನ್ ನೇಗಿ ದ್ರೋಹಿ ಎಂಬ ಮಾತನ್ನು ವರ್ಷಗಟ್ಟಲೆ ಕೇಳಬೇಕಾಯಿತು. ಏಳು ಗೋಲು ಬಿಟ್ಟ ಗೋಲಿ ನಾಡಿದ್ದೇ ಅದೇ ತಂಡದ ಎದುರು ಮತ್ತೆ ನಿಂತು ನಾಲ್ಕು ಕಾರ್ನರ್ ತಡೆದಿದ್ದರೆ ಜನ ಏನೆನ್ನುತ್ತಿದ್ದರು? ಆ ನಾಡಿದ್ದು ಅವರಿಗೆ ಸಿಗಲೇ ಇಲ್ಲ. ಇಲ್ಲಿಯ ಗೋಲಿಗಳಿಗೆ ಅದು ಸಿಗುತ್ತದೆ. ಮಂಗಳವಾರ ಐದು ಗೋಲು ಬಿಟ್ಟವಳು ಗುರುವಾರ ಅದೇ ಫ್ಲಿಕರಿನ ಎದುರು ಹೆಲ್ಮೆಟ್ ಸರಿಪಡಿಸಿಕೊಂಡು ನಿಲ್ಲುತ್ತಾಳೆ, ಗ್ಯಾಲರಿ ಅವಳನ್ನು ಹೆಸರು ಹಿಡಿದು ಹುರಿದುಂಬಿಸುತ್ತದೆ.

ಹಾಗೆಂದು ಇವರ ಸರಣಿ ಸೌಹಾರ್ದದ ಚಹಾಕೂಟವೇನಲ್ಲ. ಇವರಿಬ್ಬರ ಭಾಗದ ಓಷಿಯಾನಿಯಾ ಕಪ್ಪಿನಲ್ಲಿ ಕೆಲವು ಸಲ ಒಲಿಂಪಿಕ್ಸಿನ ನೇರ ಟಿಕೆಟ್ಟೇ ಪಣ. 2019ರಲ್ಲಿ ರಾಕ್‌ಹ್ಯಾಂಪ್ಟನ್ನಿನಲ್ಲಿ ಮೂರು ಪಂದ್ಯದ ಸರಣಿ ನಡೆದಾಗ ಗಂಡಸರಲ್ಲಿ ಆಸ್ಟ್ರೇಲಿಯಾ, ಹೆಂಗಸರಲ್ಲಿ ನ್ಯೂಜಿಲೆಂಡ್ ಟಿಕೆಟ್ ಪಡೆದವು. ಸೋತವರು ಇನ್ನೊಂದು ಅರ್ಹತಾ ಸುತ್ತು ಆಡಬೇಕಾಯಿತು, ನ್ಯೂಜಿಲೆಂಡಿನ ಗಂಡಸರು ಕೊರಿಯಾದ ಎದುರು, ಆಸ್ಟ್ರೇಲಿಯಾದ ಹೆಂಗಸರು ರಷ್ಯಾದ ಎದುರು. 2023ರಲ್ಲಿ ವಂಗರೇಯಲ್ಲಿ ಎರಡೂ ಟಿಕೆಟ್ ಆಸ್ಟ್ರೇಲಿಯಾದ ಪಾಲಾಯಿತು. ನ್ಯೂಜಿಲೆಂಡಿನ ಹೆಂಗಸರು ಮುಂದಿನ ಜನವರಿಯಲ್ಲಿ ರಾಂಚಿಗೆ ಬಂದು ಅಲ್ಲಿಯೂ ಸೋತು ಪ್ಯಾರಿಸ್ ಒಲಿಂಪಿಕ್ಸ್ ಕಳೆದುಕೊಂಡರು. ಅದೇ ರಾಂಚಿಯಲ್ಲಿ ನಮ್ಮ ಹುಡುಗಿಯರೂ ಜಪಾನಿನ ಎದುರು 0–1ರಿಂದ ಸೋತು ಮನೆಯಲ್ಲಿಯೇ ಉಳಿದರು. ಅಂಥ ನಷ್ಟವಾದ ಮೇಲೂ ಇವರು ಪರಸ್ಪರ ಆಡುವುದನ್ನು ನಿಲ್ಲಿಸುವುದಿಲ್ಲ.

ಹಳೆಯ ಗಾಯಗಳೂ ಇವರಿಗಿವೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲಿನಲ್ಲಿ ನ್ಯೂಜಿಲೆಂಡ್ 1–0ರಿಂದ ಆಸ್ಟ್ರೇಲಿಯಾವನ್ನು ಸೋಲಿಸಿತು. ಟೋನಿ ಇನ್ಸನ್ ಪೆನಾಲ್ಟಿ ಕಾರ್ನರಿನಲ್ಲಿ ಹೊಡೆದ ಗೋಲು ಅದು. ಗೋಲಿ ಟ್ರೆವರ್ ಮ್ಯಾನಿಂಗ್ ಮಂಡಿಚಿಪ್ಪು ಒಡೆದರೂ ಮೈದಾನ ಬಿಡಲಿಲ್ಲ. ಗೆದ್ದ ತಂಡದಲ್ಲಿ ಮೋಹನ್ ಪಟೇಲ್, ರಮೇಶ್ ಪಟೇಲ್ ಎಂಬ ಇಬ್ಬರಿದ್ದರು. ಆಸ್ಟ್ರೇಲಿಯಾದ ಗಂಡಸರು ಒಲಿಂಪಿಕ್ಸ್ ಚಿನ್ನಕ್ಕೆ 2004ರ ಅಥೆನ್ಸ್‌ವರೆಗೆ, 28 ವರ್ಷ ಕಾಯಬೇಕಾಯಿತು. ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಕೃತಕ ಟರ್ಫ್ ಹಾಸಿದ್ದು ಅದೇ ಮಾಂಟ್ರಿಯಲ್‌ನಲ್ಲಿ. ಹಿಂದಿನ ವರ್ಷವಷ್ಟೇ ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ವಿಶ್ವಕಪ್ ಗೆದ್ದಿದ್ದ ನಾವು ಅಲ್ಲಿ ಏಳನೆಯವರಾದೆವು. ನಮ್ಮ ಬಿ.ಪಿ. ಗೋವಿಂದ ಆ ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು.

ಈ ದೇಶಗಳಿಗೆ ಹಾಕಿಯ ಪಾಠ ಹೇಳಿದವರಲ್ಲಿ ನಮ್ಮ ನೆಲದವರು ಬಹಳ. 1926ರಲ್ಲಿ ಭಾರತೀಯ ಸೇನೆಯ ತಂಡ ನ್ಯೂಜಿಲೆಂಡಿಗೆ ಬಂದು 21 ಪಂದ್ಯ ಆಡಿ 18 ಗೆದ್ದಿತು. ಧ್ಯಾನ್‌ಚಂದ್ ಆ ತಂಡದಲ್ಲಿದ್ದರು. ಪಶ್ಚಿಮ ಆಸ್ಟ್ರೇಲಿಯಾದ ಹಾಕಿಯನ್ನು ಎತ್ತಿ ನಿಲ್ಲಿಸಿದವರಲ್ಲಿ ಜಬಲ್‌ಪುರದಿಂದ ವಲಸೆ ಬಂದ ಆಂಗ್ಲೋ ಇಂಡಿಯನ್ ಪಿಯರ್ಸ್ ಕುಟುಂಬದವರಿದ್ದಾರೆ. ಆ ಮನೆಯ ಐವರು ಅಣ್ಣತಮ್ಮಂದಿರು ಆಸ್ಟ್ರೇಲಿಯಾಕ್ಕೆ ಆಡಿದರು. ಎರಿಕ್ ಪಿಯರ್ಸ್ ನಾಲ್ಕು ಒಲಿಂಪಿಕ್ಸ್ ಕಂಡರು. ಕಲಿಸಿದವರ ಮನೆಯಲ್ಲಿ ಪಕ್ಕದವರೊಡನೆ ಆಡುವ ಅಭ್ಯಾಸ ತಪ್ಪಿಹೋಗಿದೆ. ಕಲಿತವರು ಅದನ್ನು ಉಳಿಸಿಕೊಂಡಿದ್ದಾರೆ.

ನಮ್ಮವರ ಬಗ್ಗೆ ಇನ್ನೊಂದು ಅಸಮಾಧಾನವನ್ನೂ ಹೇಳಿಬಿಡುತ್ತೇನೆ. ರಾಷ್ಟ್ರೀಯ ತಂಡಗಳ ಶಿಬಿರ ನಡೆಯುವುದು ನಮ್ಮ ಬೆಂಗಳೂರಿನಲ್ಲಿ, ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ವರ್ಷದಲ್ಲಿ ಎಷ್ಟೋ ವಾರ ದೇಶದ ಅತ್ಯುತ್ತಮ ಫ್ಲಿಕರುಗಳು ಅಲ್ಲಿ ದಿನವೂ ಚೆಂಡು ಎಳೆಯುತ್ತಿರುತ್ತಾರೆ. ಊರಿಗೆ ಅದರ ಸುಳಿವೇ ಇಲ್ಲ. ಕ್ರಿಕೆಟಿಗ ಕಾಫಿ ಕುಡಿದದ್ದು ಸುದ್ದಿಯಾಗುತ್ತದೆ. ಪರ್ತ್‌ನಲ್ಲಿ ಆಸ್ಟ್ರೇಲಿಯಾ ತಂಡ ಅಭ್ಯಾಸ ಮಾಡುವಾಗ ಬೇಲಿಯ ಹೊರಗೆ ಸ್ಟಿಕ್ ಹಿಡಿದ ಮಕ್ಕಳು ಸಾಲಾಗಿ ನಿಂತಿರುತ್ತಾರೆ.

ಆದರೆ ಒಪ್ಪಬೇಕಾದದ್ದನ್ನು ಒಪ್ಪಲೇಬೇಕು. ಇವರಿಬ್ಬರ ನಡುವೆ ಇರುವುದು ನೀರು, ರಕ್ತವಲ್ಲ. ಗಡಿಯಾಚೆಯಿಂದ ಬಂದ ಗುಂಡಿಗೆ ಮಗನನ್ನು ಕಳೆದುಕೊಂಡ ಮನೆ ಕೊಡಗಿನಲ್ಲಿಯೇ ಎಷ್ಟಿಲ್ಲ! ಆ ಮನೆಯ ಅಂಗಳದಲ್ಲಿ ನಿಂತು ಸರಣಿ ಆಡಿ ಎಂದು ಹೇಳುವ ಬಾಯಿ ನನಗಿಲ್ಲ. 2013ರ ಜನವರಿಯಲ್ಲಿ ಹಾಕಿ ಇಂಡಿಯಾ ಲೀಗಿಗೆ ಬಂದಿದ್ದ ಪಾಕಿಸ್ತಾನದ ಒಂಬತ್ತು ಆಟಗಾರರು ಪಂದ್ಯವಾಡದೆ ಹಿಂದಿರುಗಿದ್ದು, 2025ರಲ್ಲಿ ರಾಜಗೀರ್ ಏಷ್ಯಾ ಕಪ್ಪಿಗೆ ಪಾಕಿಸ್ತಾನ ಬಾರದೆ ಹೋದದ್ದು, ಯಾವುದೂ ಹಾಕಿ ಮೈದಾನದಲ್ಲಿ ಹುಟ್ಟಿದ ಜಗಳವಲ್ಲ.

ಇವರು ಅಷ್ಟೊಂದು ಪರಸ್ಪರ ಆಡುವುದಕ್ಕೆ ಒಂದು ಸರಳ ಕಾರಣವೂ ಇದೆ. ಹತ್ತಿರದಲ್ಲಿ ಈ ಮಟ್ಟದಲ್ಲಿ ಆಡುವ ಬೇರೆ ಯಾರೂ ಇಲ್ಲ. ಯುರೋಪಿಗೆ ಒಂದು ಸಲ ಹೋಗಿಬರುವ ಖರ್ಚಿನಲ್ಲಿ ಟಾಸ್ಮನ್ ಸಮುದ್ರವನ್ನು ಹಲವು ಸಲ ದಾಟಬಹುದು. ಹಣದ ಬಿಕ್ಕಟ್ಟು ಎಷ್ಟೆಂದರೆ 2025ರ ಜೂನಿನಲ್ಲಿ ನ್ಯೂಜಿಲೆಂಡಿನ ಗಂಡಸರು ನೇಷನ್ಸ್ ಕಪ್ ಫೈನಲಿನಲ್ಲಿ ಪಾಕಿಸ್ತಾನವನ್ನು 6–2ರಿಂದ ಸೋಲಿಸಿದರೂ ಅದರಿಂದ ಸಿಕ್ಕ ಪ್ರೊ ಲೀಗ್ (ಜಗತ್ತಿನ ಅಗ್ರ ತಂಡಗಳ ಲೀಗ್) ಸ್ಥಾನವನ್ನು ಬೇಡವೆಂದರು. ಆ ಜಾಗ ಸಿಕ್ಕಿದ್ದು ಸೋತ ಪಾಕಿಸ್ತಾನಕ್ಕೆ. ಗ್ಯಾಲರಿಯೂ ಅಷ್ಟೆ. ಇಲ್ಲಿ ನೂರರ ಲೆಕ್ಕದಲ್ಲಿ ಜನ ಸೇರಿದರೆ ಒಳ್ಳೆಯ ಸಂಜೆ. ರೂರ್ಕೆಲಾದಲ್ಲಿ 2023ರ ವಿಶ್ವಕಪ್ಪಿಗೆ ಕಟ್ಟಿದ ಬಿರ್ಸಾ ಮುಂಡಾ ಕ್ರೀಡಾಂಗಣದಲ್ಲಿ 20,000 ಆಸನ.

ಮತ್ತೆ ನಮ್ಮ ಕೊಡಗು ಇದೆಯಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಒಕ್ಕಗಳೊಡನೆ, ಅಂದರೆ ಮನೆತನಗಳೊಡನೆ, ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಈಗ ಮುನ್ನೂರು ಮೀರಿದ ಒಕ್ಕಗಳು ಆಡುತ್ತವೆ. ಅಲ್ಲಿಯೂ ಸೋತರೆ ಒಂದೇ ಪಂದ್ಯ. ಆದರೆ ಸೋತ ಒಕ್ಕದವರು ಮುಖ ತಿರುಗಿಸಿ ಹೋಗುವುದಿಲ್ಲ. ಫೈನಲಿನ ದಿನ ಅದೇ ಗ್ಯಾಲರಿಯಲ್ಲಿ ಕೂತು ಗೆದ್ದವರ ಟ್ರ್ಯಾಪ್, ಅಂದರೆ ಚೆಂಡು ನಿಲ್ಲಿಸಿದ ರೀತಿ, ಸರಿಯಿತ್ತೇ ಎಂದು ವಾದ ಮಾಡುತ್ತಾರೆ, ಮುಂದಿನ ಏಪ್ರಿಲಿಗೆ ಮತ್ತೆ ಇಳಿಯುತ್ತಾರೆ. ವಿ.ಆರ್. ರಘುನಾಥರ ಡ್ರ್ಯಾಗ್ ಫ್ಲಿಕ್, ಎಸ್.ವಿ. ಸುನಿಲರ ಓಟ, ಎ.ಬಿ. ಸುಬ್ಬಯ್ಯನವರ ಗೋಲು ಕಾಯುವಿಕೆ, ಎಲ್ಲವನ್ನೂ ಬೆಳೆಸಿದ ನೆಲ ಅದು. ಇಲ್ಲಿಯ ಗ್ಯಾಲರಿಯನ್ನು ಹೊಗಳುವ ಭರದಲ್ಲಿ ಆ ಗ್ಯಾಲರಿಯನ್ನು ಮರೆತರೆ ನಾಲಿಗೆಗೆ ಋಣ ಉಳಿಯುತ್ತದೆ.

2025ರ ಅಕ್ಟೋಬರಿನಲ್ಲಿ ಸುಲ್ತಾನ್ ಆಫ್ ಜೋಹೋರ್ ಕಪ್ಪಿನಲ್ಲಿ ಭಾರತ, ಪಾಕಿಸ್ತಾನದ ಕಿರಿಯರ ತಂಡಗಳು ಎದುರಾದವು. ದೊಡ್ಡವರು ಕೈಕುಲುಕಬೇಕೇ ಬೇಡವೇ ಎಂದು ವಾದಿಸುತ್ತಿದ್ದ ದಿನಗಳವು. ಹುಡುಗರು ಸಾಲಾಗಿ ಬಂದು ಅಂಗೈಗೆ ಅಂಗೈ ತಟ್ಟಿದರು. ಪಂದ್ಯ 3–3ರಲ್ಲಿ ಮುಗಿಯಿತು. ಅವರಿಗೆ ನಾಡಿದ್ದು ಅದೇ ಟರ್ಫಿನ ಮೇಲೆ ಇನ್ನೊಂದು ಪಂದ್ಯ ಇದ್ದಿದ್ದರೆ ಎರಡೂ ತಂಡದವರು ಆ ರಾತ್ರಿ ವಿಡಿಯೊ ಹಾಕಿಕೊಂಡು ಕೂರುತ್ತಿದ್ದರು. ರಶರ್ ಯಾವ ಕಾಲು ಮೊದಲಿಟ್ಟ, ಸ್ಟಾಪರಿನ ಸ್ಟಿಕ್ಕಿಗೂ ನೆಲಕ್ಕೂ ನಡುವೆ ಬೆಳಕು ಎಲ್ಲಿ ಕಂಡಿತು ಎಂದು ನೋಡುತ್ತಿದ್ದರು.